ಗಲ್ಲಾಬತ್‌ನಿಂದ ಮೇಕ್ತಿಲಾಗೆ: ವಿಲಿಯಂ ಸ್ಲಿಮ್ ಅವರ ಸೇನಾಜೀವನದ ಒಂದು ಮರುಪರಿಶೀಲನೆ

ಪ್ರಶ್ನೆ

ಎರಡು ಮಹಾಯುದ್ಧಗಳಲ್ಲೂ ಸೇವೆ ಸಲ್ಲಿಸಿದ ಬ್ರಿಟಿಷ್ ಸೇನಾಧಿಕಾರಿಗಳ ಬಗ್ಗೆ ಒಂದು ಸಿದ್ಧ ವಿವರಣೆ ಬಳಕೆಯಲ್ಲಿದೆ. ಮೊದಲ ಯುದ್ಧದಲ್ಲಿ ಕಿರಿಯ ಅಧಿಕಾರಿಗಳಾಗಿ ಅವರು ಕಂಡ ಸಾವುನೋವು ಎರಡನೆಯ ಯುದ್ಧದ ಹೊತ್ತಿಗೆ ಅವರನ್ನು ಲೆಕ್ಕಾಚಾರದ ದಂಡನಾಯಕರನ್ನಾಗಿ ಮಾಡಿತು ಎಂಬುದು ಅದರ ಸಾರ. ಬರ್ನಾರ್ಡ್ ಮಾಂಟ್ಗೊಮೆರಿ ಅವರ ಮಟ್ಟಿಗೆ ಈ ಮಾತು ಬಹುಪಾಲು ಒಪ್ಪುತ್ತದೆ. ಬರ್ಮಾ ರಂಗದಲ್ಲಿ 14ನೇ ಸೈನ್ಯವನ್ನು ಮುನ್ನಡೆಸಿದ ವಿಲಿಯಂ ಸ್ಲಿಮ್ (1891–1970) ಅವರಿಗೂ ಇದನ್ನೇ ಅನ್ವಯಿಸುವ ವಾಡಿಕೆ ಇದೆ. ಗಲ್ಲಿಪೊಲಿಯಲ್ಲಿ ಗುಂಡೇಟು ತಿಂದ ತರುಣ 30 ವರ್ಷಗಳ ಬಳಿಕ ಮಂಡಾಲೆಯನ್ನು ಗೆದ್ದ ಎಂದು ಕಥೆ ಒಂದೇ ಗೆರೆಯಲ್ಲಿ ಸಾಗುತ್ತದೆ.

ಈ ಟಿಪ್ಪಣಿಯ ವಾದ ಬೇರೆ. ಮೊದಲ ಮಹಾಯುದ್ಧ ಸ್ಲಿಮ್ ಅವರಿಗೆ ಒಂದು ವೃತ್ತಿಯನ್ನೂ ಒಂದು ಪಡೆಯನ್ನೂ ಜೀವನಪೂರ್ತಿ ಜೊತೆಗಿದ್ದ ಗೆಳೆಯರನ್ನೂ ಕೊಟ್ಟಿತು. ಯುದ್ಧ ನಡೆಸುವ ವಿಧಾನವನ್ನು ಕೊಟ್ಟದ್ದು ಮಾತ್ರ ಎರಡನೆಯ ಯುದ್ಧದ ಮೊದಲ ಮೂರು ವರ್ಷಗಳಲ್ಲಿ ಅವರು ಉಂಡ ಸೋಲುಗಳು: ಮುಖ್ಯವಾಗಿ 1940ರ ನವೆಂಬರ್‌ನಲ್ಲಿ ಸುಡಾನಿನ ಗಡಿಯ ಗಲ್ಲಾಬತ್‌ನಲ್ಲಿ ಮತ್ತು 1942ರ ಬರ್ಮಾ ಹಿಮ್ಮೆಟ್ಟುವಿಕೆಯಲ್ಲಿ. 1945ರ ಮೇಕ್ತಿಲಾ ಗೆಲುವನ್ನು ಈ ಎರಡರ ಬೆಳಕಿನಲ್ಲಿ ಓದಿದರೆ ಅದರ ಸ್ವರೂಪ ಹೆಚ್ಚು ಸ್ಪಷ್ಟವಾಗುತ್ತದೆ.

ಆಕರಗಳ ಬಗ್ಗೆ ಒಂದು ಎಚ್ಚರಿಕೆ

ಸ್ಲಿಮ್ ಅವರ ಬಗ್ಗೆ ಬರೆಯುವ ಎಲ್ಲರೂ ಅವರದೇ ಎರಡು ಪುಸ್ತಕಗಳಿಗೆ ಋಣಿಗಳು. 1956ರಲ್ಲಿ ಬಂದ 'ಡಿಫೀಟ್ ಇಂಟು ವಿಕ್ಟರಿ' ಬರ್ಮಾ ಯುದ್ಧದ ವೃತ್ತಾಂತ. 1959ರ 'ಅನ್‌ಅಫಿಷಿಯಲ್ ಹಿಸ್ಟರಿ' ಅದಕ್ಕೂ ಹಿಂದಿನ ಕೆಲವು ಸಣ್ಣಪುಟ್ಟ ಕಾಳಗಗಳ ಕಥನ. ಸ್ಲಿಮ್ ನುರಿತ ಬರಹಗಾರರು. ಎರಡು ಯುದ್ಧಗಳ ನಡುವಿನ ವರ್ಷಗಳಲ್ಲಿ ಸಂಬಳ ಸಾಲದೆ, ಆಂಥನಿ ಮಿಲ್ಸ್ ಎಂಬ ಕಾವ್ಯನಾಮದಲ್ಲಿ ಪತ್ರಿಕೆಗಳಿಗೆ ಕಥೆ ಬರೆದು ಹಣ ಸಂಪಾದಿಸಿದವರು. ಕಥೆಯನ್ನು ಎಲ್ಲಿ ತಿರುಗಿಸಿದರೆ ಓದುಗ ತನ್ನ ಪಕ್ಷ ವಹಿಸುತ್ತಾನೆ ಎಂಬುದು ಅವರಿಗೆ ಗೊತ್ತು. ತಪ್ಪನ್ನು ತಾವೇ ಮೊದಲು ಹೇಳಿಬಿಡುವುದು ಅವರ ಬರವಣಿಗೆಯ ಒಂದು ಪಟ್ಟು. ಆ ಪ್ರಾಮಾಣಿಕತೆ ನಿಜವಾದದ್ದೇ. ಆದರೆ ಒಪ್ಪಿಕೊಂಡ ತಪ್ಪಿನ ಹಿಂದೆ ಒಪ್ಪಿಕೊಳ್ಳದ ಸಂಗತಿ ಮರೆಯಾಗಬಹುದು ಎಂಬ ಎಚ್ಚರ ಸಂಶೋಧಕನಿಗೆ ಬೇಕು. ಹಾಗಾಗಿ ಇಲ್ಲಿ ಅವರ ಮಾತನ್ನು, ಅದರ ಮುಂದೆ ನಡೆದ ಅವರದೇ ನಿರ್ಧಾರಗಳ ಜೊತೆ ಒರೆಹಚ್ಚಿ ನೋಡಲಾಗಿದೆ. ಕಲಿತೆ ಎಂದು ಹೇಳುವುದು ಸುಲಭ. ಕಲಿತದ್ದು ಮುಂದಿನ ಆದೇಶದಲ್ಲಿ ಕಾಣಬೇಕು.

ಗುಮಾಸ್ತೆಯಿಂದ ಗೂರ್ಖಾ ಪಡೆಗೆ, 1914–1920

ಸ್ಲಿಮ್ ಹುಟ್ಟಿದ್ದು 1891ರ ಆಗಸ್ಟ್ 6ರಂದು, ಬ್ರಿಸ್ಟಲ್‌ನಲ್ಲಿ. ತಂದೆ ಕಬ್ಬಿಣದ ಸಾಮಾನಿನ ವ್ಯಾಪಾರಿ. ಕುಟುಂಬ ಮುಂದೆ ಬರ್ಮಿಂಗ್‌ಹ್ಯಾಮ್‌ಗೆ ಬಂತು. ಆ ಕಾಲದ ಬ್ರಿಟಿಷ್ ಪಡೆಗಳಲ್ಲಿ ಅಧಿಕಾರಿಯಾಗಲು ಸಂಬಳದ ಜೊತೆಗೆ ಮನೆಯ ಹಣವೂ ಬೇಕಿತ್ತು. ಸ್ಲಿಮ್ ಅವರ ಮನೆಯಲ್ಲಿ ಅದು ಇರಲಿಲ್ಲ. ಅವರು ಕೆಲಕಾಲ ಶಾಲಾ ಮಾಸ್ತರಾಗಿದ್ದರು, ನಂತರ ಕೊಳವೆ ತಯಾರಿಸುವ ಕಂಪನಿಯೊಂದರಲ್ಲಿ ಗುಮಾಸ್ತರಾದರು. ವಿದ್ಯಾರ್ಥಿಯಲ್ಲದಿದ್ದರೂ ಬರ್ಮಿಂಗ್‌ಹ್ಯಾಮ್ ವಿಶ್ವವಿದ್ಯಾಲಯದ ಅಧಿಕಾರಿ ತರಬೇತಿ ದಳವನ್ನು 1912ರಲ್ಲಿ ಹೇಗೋ ಸೇರಿಕೊಂಡರು. 1914ರ ಆಗಸ್ಟ್ 22ರಂದು ರಾಯಲ್ ವಾರ್ವಿಕ್‌ಶೈರ್ ರೆಜಿಮೆಂಟಿನಲ್ಲಿ ತಾತ್ಕಾಲಿಕ ಕಮಿಷನ್ ಸಿಕ್ಕಿತು. ಯುದ್ಧ ಬರದಿದ್ದರೆ ಆ ಬಾಗಿಲು ತೆರೆಯುತ್ತಿರಲಿಲ್ಲ.

1915ರ ಆಗಸ್ಟ್ 9ರಂದು ಗಲ್ಲಿಪೊಲಿಯ ಸಾರಿ ಬೈರ್ ದಿಣ್ಣೆಯ ಕಾಳಗದಲ್ಲಿ ಸ್ಲಿಮ್ ತೀವ್ರವಾಗಿ ಗಾಯಗೊಂಡರು. ಅದೇ ದಿಣ್ಣೆಯಲ್ಲಿ ಅವರ ಪಕ್ಕದಲ್ಲೇ ಕಾದಾಡಿದ್ದು 6ನೇ ಗೂರ್ಖಾ ರೈಫಲ್ಸ್‌ನ ಮೊದಲ ಬೆಟಾಲಿಯನ್. ಮೇಜರ್ ಅಲನ್‌ಸನ್ ನೇತೃತ್ವದ ಆ ಗೂರ್ಖಾಗಳು ಕೆಲ ಹೊತ್ತು ಶಿಖರವನ್ನೇ ಹಿಡಿದಿದ್ದರು. ತಮ್ಮ ಕಡೆಯದೇ ಎನ್ನಲಾದ ಫಿರಂಗಿ ಗುಂಡುಗಳು ಮೈಮೇಲೆ ಬಿದ್ದು ಹಿಂದೆ ಸರಿದರು. ಆ ದಿನ ಕಂಡ ಪಡೆಯನ್ನು ಸ್ಲಿಮ್ ಮರೆಯಲಿಲ್ಲ.

1916ರಲ್ಲಿ ಅವರಿಗೆ ಕಾಯಂ ಕಮಿಷನ್ ಸಿಕ್ಕಿದ್ದು ವೆಸ್ಟ್ ಇಂಡಿಯಾ ರೆಜಿಮೆಂಟಿನಲ್ಲಿ. ಬರೀ ಸಂಬಳದ ಮೇಲೆ ಬದುಕಬಹುದಾದ ಪಡೆಗಳು ಕಡಿಮೆ. ಅದು ಅವುಗಳಲ್ಲಿ ಒಂದು. ಗಾಯ ಪೂರ್ತಿ ಮಾಯುವ ಮೊದಲೇ ಮೆಸೊಪೊಟೇಮಿಯಾದಲ್ಲಿದ್ದ ತಮ್ಮ ಹಳೆಯ ಬೆಟಾಲಿಯನ್ನಿಗೆ ಮರಳಿ, 1917ರ ಮಾರ್ಚ್‌ನಲ್ಲಿ ಬಾಗ್ದಾದಿನ ಉತ್ತರಕ್ಕೆ ಎರಡನೆಯ ಬಾರಿ ಗಾಯಗೊಂಡರು. ಮಿಲಿಟರಿ ಕ್ರಾಸ್ ಪದಕ ಬಂತು. ಚಿಕಿತ್ಸೆಗೆಂದು ಭಾರತಕ್ಕೆ ಬಂದವರು ಸಿಮ್ಲಾದ ಸೇನಾ ಕಚೇರಿಯಲ್ಲಿ ಕೆಲಸಕ್ಕೆ ಕುಳಿತರು. 1919ರಲ್ಲಿ ಭಾರತೀಯ ಸೇನೆಗೆ ವರ್ಗವಾದರು. 1920ರಲ್ಲಿ ಗಲ್ಲಿಪೊಲಿಯಲ್ಲಿ ಕಂಡಿದ್ದ ಅದೇ ಗೂರ್ಖಾ ಬೆಟಾಲಿಯನ್ನಿಗೆ, ಅಬೋಟಾಬಾದ್‌ನಲ್ಲಿ, ಸೇರಿದರು.

ಮೊದಲ ಯುದ್ಧದ ಕೊಡುಗೆ ಇಷ್ಟು. ಅದು ಸಣ್ಣದೇನಲ್ಲ. ಆದರೆ ಆ ಯುದ್ಧದಲ್ಲಿ ಸ್ಲಿಮ್ ಕಂಪನಿಗಿಂತ ದೊಡ್ಡ ತುಕಡಿಯನ್ನು ನಡೆಸಲಿಲ್ಲ. ಇನ್ನೊಬ್ಬರ ಯೋಜನೆಯನ್ನು ನೆಲದ ಮೇಲೆ ಜಾರಿ ಮಾಡುವುದಷ್ಟೇ ಅವರ ಪಾಲಿಗಿತ್ತು. ಯೋಜನೆ ಕೈಕೊಟ್ಟಾಗ ಹೊಣೆ ಹೊರುವ ಅನುಭವ ಬರಲು ಇನ್ನೂ 20 ವರ್ಷ ಬಾಕಿ ಇತ್ತು.

ನಡುವಿನ ವರ್ಷಗಳು, ಬೆಳಗಾವಿ

1920ರಿಂದ 1939ರವರೆಗಿನ ದಾರಿ ಬೇಗ ಹೇಳಿ ಮುಗಿಸಬಹುದಾದದ್ದು. ಬೆಟಾಲಿಯನ್ನಿನ ಅಡ್ಜುಟೆಂಟ್, 1926ರಿಂದ ಕ್ವೆಟ್ಟಾದ ಸ್ಟಾಫ್ ಕಾಲೇಜಿನಲ್ಲಿ ವಿದ್ಯಾರ್ಥಿ, ದಿಲ್ಲಿಯ ಸೇನಾ ಕೇಂದ್ರ ಕಚೇರಿ, 1934ರಿಂದ 1937ರವರೆಗೆ ಇಂಗ್ಲೆಂಡಿನ ಕ್ಯಾಂಬರ್ಲಿಯಲ್ಲಿ ಬೋಧಕ. ಬಡ್ತಿ ಆಮೆ ನಡಿಗೆಯದು. ಲೆಫ್ಟಿನೆಂಟ್ ಕರ್ನಲ್ ಆಗಿ 7ನೇ ಗೂರ್ಖಾ ರೈಫಲ್ಸ್‌ನ ಎರಡನೆಯ ಬೆಟಾಲಿಯನ್ನಿನ ಹೊಣೆ ಸಿಕ್ಕಿದಾಗ, 1938ರಲ್ಲಿ, ಅವರಿಗೆ 46 ದಾಟಿತ್ತು. ಶಾಂತಿಕಾಲದ ಸೇನೆಯಲ್ಲಿ ಆ ವಯಸ್ಸಿಗೆ ಆ ಹುದ್ದೆ ಎಂದರೆ ಮುಂದೆ ನಿವೃತ್ತಿಯೇ ಗತಿ ಎಂದರ್ಥ.

ಆ ಸಾಲಿನಲ್ಲಿ ಕೊನೆಯದು ಬೆಳಗಾವಿ. 1939ರಲ್ಲಿ ಸ್ಲಿಮ್ ಇಲ್ಲಿನ ಸೀನಿಯರ್ ಆಫೀಸರ್ಸ್ ಸ್ಕೂಲಿನ ಮುಖ್ಯಸ್ಥರಾಗಿ ಬಂದರು. ಬೆಟಾಲಿಯನ್ನುಗಳನ್ನು ನಡೆಸಬೇಕಾದ ಅಧಿಕಾರಿಗಳನ್ನು ಅಣಿಗೊಳಿಸುವ ಶಾಲೆ ಅದು. ಊರವರು ಇಂದಿಗೂ ಕ್ಯಾಂಪ್ ಎಂದೇ ಕರೆಯುವ ದಂಡು ಪ್ರದೇಶದ ಬೆಳಗಾವಿಗೆ ಸೇನೆಯ ನಂಟು ಹಳೆಯದು. ಮರಾಠಾ ಪದಾತಿ ಪಡೆಯ ಕೇಂದ್ರವೂ ಇಲ್ಲಿಯದೇ. ಸ್ಲಿಮ್ ಇಲ್ಲಿದ್ದದ್ದು ಕೆಲವೇ ತಿಂಗಳು. ಸೆಪ್ಟೆಂಬರ್‌ನಲ್ಲಿ ಯುದ್ಧ ಘೋಷಣೆಯಾದ ಕೂಡಲೇ ಝಾನ್ಸಿಯಲ್ಲಿ ಸಜ್ಜಾಗುತ್ತಿದ್ದ 10ನೇ ಭಾರತೀಯ ಪದಾತಿ ಬ್ರಿಗೇಡಿನ ಹೊಣೆ ಹೊತ್ತು ಹೊರಟರು. ಎರಡು ಯುದ್ಧಗಳ ನಡುವಿನ ಅವರ ಬೋಧಕ ಜೀವನ ಬೆಳಗಾವಿಯಲ್ಲಿ ಮುಗಿಯಿತು.

ಗಲ್ಲಾಬತ್, ನವೆಂಬರ್ 1940

ನನ್ನ ವಾದದ ಭಾರ ಬೀಳುವುದು ಈ ಕಾಳಗದ ಮೇಲೆ. ಆದ್ದರಿಂದ ಇದನ್ನು ಕೊಂಚ ಹತ್ತಿರದಿಂದ ನೋಡಬೇಕು.

ಸುಡಾನ್ ಮತ್ತು ಇಟಲಿಯ ವಶದಲ್ಲಿದ್ದ ಇಥಿಯೋಪಿಯಾದ ಗಡಿಯಲ್ಲಿ ಎದುರುಬದುರಾಗಿ ಎರಡು ಠಾಣೆಗಳು. ಈ ಕಡೆ ಗಲ್ಲಾಬತ್, ಆ ಕಡೆ ಮೆತೆಮ್ಮಾ. ನಡುವೆ ಒಣಗಿದ ಹಳ್ಳದ ಪಾತ್ರ. ಜುಲೈನಲ್ಲಿ ಇಟಲಿಯವರು ಗಲ್ಲಾಬತ್ ಕೋಟೆಯನ್ನು ಹಿಡಿದಿದ್ದರು. ಸ್ಲಿಮ್ ಅವರ ಬ್ರಿಗೇಡಿನಲ್ಲಿ ಮೂರು ಬೆಟಾಲಿಯನ್: ರಾಯಲ್ ಗಢವಾಲ್ ರೈಫಲ್ಸ್, ಬಲೂಚ್ ಮತ್ತು ಬ್ರಿಟಿಷರ ಎಸೆಕ್ಸ್. ಜೊತೆಗೆ ಒಂದು ಡಜನ್ ಟ್ಯಾಂಕುಗಳು.

ನವೆಂಬರ್ 6ರ ನಸುಕಿನಲ್ಲಿ ವಿಮಾನಗಳು ಬಾಂಬು ಹಾಕಿದವು, ಫಿರಂಗಿಗಳು ಮೊಳಗಿದವು, ಗಢವಾಲಿಗಳು ಕೋಟೆಗೆ ನುಗ್ಗಿ ಬೆಳಗು ಹರಿಯುವಷ್ಟರಲ್ಲಿ ಅದನ್ನು ವಶಪಡಿಸಿಕೊಂಡರು. ಅಲ್ಲಿಂದಾಚೆಗೆ ಎಲ್ಲವೂ ಎಡವಟ್ಟಾಯಿತು. ನೆಲಬಾಂಬು ಮತ್ತು ಬಂಡೆಗಳಿಗೆ ಸಿಕ್ಕಿ ಬಹುಪಾಲು ಟ್ಯಾಂಕುಗಳ ಚಕ್ರಪಟ್ಟಿಗಳು ಹರಿದವು. ಆಕಾಶದಲ್ಲಿ ಇಟಲಿಯ ವಿಮಾನಗಳ ಕೈ ಮೇಲಾಯಿತು. ಮರೆಗೆ ಒಂದು ಗುಂಡಿ ತೋಡಲೂ ಆಗದ ಕಲ್ಲುನೆಲದ ಮೇಲೆ ಬಾಂಬು ಸುರಿಯತೊಡಗಿದಾಗ ಎಸೆಕ್ಸ್ ಬೆಟಾಲಿಯನ್ನಿನ ಒಂದು ಭಾಗ ದಿಕ್ಕೆಟ್ಟು ಹಿಂದಕ್ಕೆ ಓಡಿತು. ಹಿಮ್ಮೆಟ್ಟಲು ಆದೇಶ ಬಂದಿದೆ ಎಂಬ ಗಾಳಿಸುದ್ದಿ ಹಬ್ಬಿತು.

ಸ್ಲಿಮ್ ಎದುರು ಆಗ ಎರಡು ದಾರಿಗಳಿದ್ದವು. ಟ್ಯಾಂಕುಗಳಿಲ್ಲದೆ, ಉಳಿದ ಎರಡು ಭಾರತೀಯ ಬೆಟಾಲಿಯನ್ನುಗಳನ್ನು ನೆಚ್ಚಿ ಮೆತೆಮ್ಮಾದ ಮೇಲೆ ಬೀಳುವುದು ಒಂದು. ಕೋಟೆಯನ್ನು ಬಿಟ್ಟು ಸುತ್ತಲಿನ ದಿಣ್ಣೆಗಳಿಗೆ ಸರಿದು ಶತ್ರುವನ್ನು ಕಾಡುವುದು ಇನ್ನೊಂದು. ಅವರು ಎರಡನೆಯದನ್ನು ಆರಿಸಿಕೊಂಡರು. ಮೆತೆಮ್ಮಾದಲ್ಲಿದ್ದ ಇಟಲಿಯವರು ಅದೇ ಹೊತ್ತಿನಲ್ಲಿ ಕಾಲುಕೀಳುವ ಸ್ಥಿತಿಯಲ್ಲಿದ್ದರು ಎಂದು ಆಮೇಲೆ ತಿಳಿಯಿತು.

'ಅನ್‌ಅಫಿಷಿಯಲ್ ಹಿಸ್ಟರಿ'ಯಲ್ಲಿ ಈ ಪ್ರಸಂಗದ ಕೊನೆಗೆ ಸ್ಲಿಮ್ ಟ್ಯಾಂಕುಗಳನ್ನಾಗಲಿ ವಿಮಾನಗಳನ್ನಾಗಲಿ ಎಸೆಕ್ಸ್ ಪಡೆಯನ್ನಾಗಲಿ ದೂರುವುದಿಲ್ಲ. ಸೋಲಿಗೆ ಕಾರಣ ತಾವೇ. ಎರಡರಲ್ಲಿ ದಿಟ್ಟವಾದ ದಾರಿಯನ್ನು ಆರಿಸಿಕೊಳ್ಳಬೇಕಿತ್ತು, ತಾವು ತಮ್ಮ ಭಯದ ಮಾತು ಕೇಳಿದೆವು ಎಂಬುದು ಅವರ ತೀರ್ಮಾನದ ತಾತ್ಪರ್ಯ. ಈ ಮಾತು ಬರೆದದ್ದು ಸುಮಾರು 19 ವರ್ಷಗಳ ಬಳಿಕ, ಫೀಲ್ಡ್ ಮಾರ್ಷಲ್ ಆಗಿ ಕೀರ್ತಿ ಪಡೆದ ಮೇಲೆ. ಇದನ್ನು ಹಾಗೆಯೇ ಸ್ವೀಕರಿಸಬೇಕೇ? ಮುಂದಿನ ಎಂಟು ತಿಂಗಳು ಉತ್ತರ ಕೊಡುತ್ತವೆ.

1941ರ ಜನವರಿಯಲ್ಲಿ ಎರಿಟ್ರಿಯಾದಲ್ಲಿ ವಿಮಾನದ ಗುಂಡಿಗೆ ಸಿಕ್ಕಿ ಮತ್ತೆ ಗಾಯಗೊಂಡ ಸ್ಲಿಮ್, ಮೇ ತಿಂಗಳಲ್ಲಿ ಇರಾಕಿನಲ್ಲಿದ್ದ 10ನೇ ಭಾರತೀಯ ಡಿವಿಷನ್ನಿನ ಮುಖ್ಯಸ್ಥರಾದರು. ಜುಲೈ ಮೊದಲ ವಾರ ಅದೇ ಡಿವಿಷನ್ ಸಿರಿಯಾದ ದೇರ್ ಎಜ್ ಜೋರ್ ಪಟ್ಟಣದ ಮೇಲೆ ಏರಿ ಹೋಯಿತು. ಯೋಜನೆಯ ಜೀವಾಳ, ಮರುಭೂಮಿಯಲ್ಲಿ ಬಳಸಿಕೊಂಡು ಹೋಗಿ ಪಟ್ಟಣದ ಹಿಂಬದಿಯಿಂದ ಎರಗುವ ಒಂದು ತುಕಡಿ. ಪೆಟ್ರೋಲಿನ ಅಭಾವದಿಂದ ಆ ತುಕಡಿಯ ಸವಾರಿ ಅರ್ಧದಲ್ಲೇ ನಿಲ್ಲುವಂತಾಯಿತು. ಸುತ್ತು ದಾರಿಯನ್ನು ಕೈಬಿಟ್ಟು ನೇರ ದಾಳಿಗೆ ತೃಪ್ತಿಪಡುವುದು ಕ್ಷೇಮದ ಮಾರ್ಗವಾಗಿತ್ತು. ಸ್ಲಿಮ್ ಉಳಿದ ವಾಹನಗಳಿಂದ ಪೆಟ್ರೋಲು ಬಸಿದು ಆ ತುಕಡಿಗೆ ಕೊಟ್ಟು ಮೂಲ ಯೋಜನೆಗೇ ಅಂಟಿಕೊಂಡರು. ಜುಲೈ 3ರಂದು ಪಟ್ಟಣ ಕೈವಶವಾಯಿತು. ಗಲ್ಲಾಬತ್‌ನ ಪಾಠ ಪುಸ್ತಕಕ್ಕೆಂದು ಆಮೇಲೆ ಹೆಣೆದ ಮಾತಲ್ಲ ಎಂಬುದಕ್ಕೆ ಇದು ಮೊದಲ ಪುರಾವೆ.

ಇದೇ ಡಿವಿಷನ್ನಿನ ಆಡಳಿತ ಮತ್ತು ಸರಬರಾಜು ವಿಭಾಗದಲ್ಲಿ ಇರಾಕ್, ಸಿರಿಯಾ, ಇರಾನ್‌ಗಳಲ್ಲಿ ದುಡಿದವರು ಕೊಡಗಿನ ಅಧಿಕಾರಿ ಕೆ.ಎಂ. ಕಾರ್ಯಪ್ಪ. 1949ರ ಜನವರಿ 4ರಂದು ಸ್ಲಿಮ್ ಬ್ರಿಟನ್ನಿನ ಫೀಲ್ಡ್ ಮಾರ್ಷಲ್ ಆದರು. ಅದೇ ತಿಂಗಳ 15ರಂದು ಕಾರ್ಯಪ್ಪ ಸ್ವತಂತ್ರ ಭಾರತದ ಸೇನೆಯ ಮೊದಲ ಭಾರತೀಯ ಮಹಾದಂಡನಾಯಕರಾದರು.

1942: ಹಿಮ್ಮೆಟ್ಟುವಿಕೆ ಕಲಿಸಿದ ಲೆಕ್ಕ

1942ರ ಮಾರ್ಚ್‌ನಲ್ಲಿ ಸ್ಲಿಮ್ ಬರ್ಮಾದ ಪ್ರೋಮ್‌ಗೆ ಬಂದಿಳಿದು ಬರ್ಮಾ ಕೋರ್‌ನ ಹೊಣೆ ಹೊತ್ತರು. ರಂಗೂನ್ ಆಗಲೇ ಬಿದ್ದಿತ್ತು. ಅವರ ಕೈಕೆಳಗಿದ್ದದ್ದು ಎರಡು ಬಳಲಿದ ಡಿವಿಷನ್ನುಗಳು; ಒಂದಕ್ಕೆ ಕೋವನ್, ಇನ್ನೊಂದಕ್ಕೆ ಬ್ರೂಸ್ ಸ್ಕಾಟ್ ಮುಖ್ಯಸ್ಥರು. ಮೂವರೂ 6ನೇ ಗೂರ್ಖಾ ರೈಫಲ್ಸ್‌ನ ಒಂದೇ ಬೆಟಾಲಿಯನ್ನಿನಿಂದ ಬಂದ ಗೆಳೆಯರು. ಸೋಲಿನ ಹಾದಿಯಲ್ಲಿ ಮೇಲಧಿಕಾರಿ, ಕೆಳಗಿನವರ ನಡುವೆ ಪರಸ್ಪರ ದೂಷಣೆ ಹುಟ್ಟುವುದು ಸಹಜ. ಇಲ್ಲಿ ಅದು ತಲೆಯೆತ್ತಲಿಲ್ಲ. ಮೊದಲ ಯುದ್ಧ ಸ್ಲಿಮ್ ಅವರಿಗೆ ಕೊಟ್ಟದ್ದರ ಬೆಲೆ ಇಲ್ಲಿ ಕಾಣುತ್ತದೆ.

ಆದರೆ ಗೆಳೆತನದಿಂದ ಸೈನ್ಯದ ಹೊಟ್ಟೆ ತುಂಬದು. ರಂಗೂನ್ ಬಂದರು ಹೋದ ಮೇಲೆ ಸರಬರಾಜಿಗೆ ದಾರಿಯೇ ಇರಲಿಲ್ಲ. ಭಾರತದಿಂದ ಬರ್ಮಾಕ್ಕೆ ಸರಿಯಾದ ರಸ್ತೆ ಇರಲಿಲ್ಲ. ಏಪ್ರಿಲ್ ಮಧ್ಯದಲ್ಲಿ ಯೆನಾಂಗ್ಯಾಂಗ್‌ನ ಎಣ್ಣೆಬಾವಿಗಳಿಗೆ ತಮ್ಮವರೇ ಬೆಂಕಿಯಿಡುವಂತೆ ಸ್ಲಿಮ್ ಆದೇಶ ಕೊಡಬೇಕಾಯಿತು. ಉರಿಬಿಸಿಲಲ್ಲಿ, ನೀರಿಲ್ಲದೆ, ಸುತ್ತುವರಿದ ಜಪಾನೀಯರ ನಡುವೆ ಸಿಕ್ಕಿಬಿದ್ದ ಸ್ಕಾಟರ ಡಿವಿಷನ್ನು ಚೀನೀ 38ನೇ ಡಿವಿಷನ್ನಿನ ಸುನ್ ಲಿ-ಜೆನ್ ಅವರ ನೆರವಿನಿಂದ ಹೇಗೋ ಹೊರಬಂತು. ಮೇ ತಿಂಗಳಲ್ಲಿ ಮಳೆ ಹಿಡಿಯುವ ಹೊತ್ತಿಗೆ, ಸುಮಾರು 900 ಮೈಲಿ ಹಿಂದೆ ಸರಿದ ಪಡೆ ಚಿಂದ್ವಿನ್ ನದಿ ದಾಟಿ ಇಂಫಾಲ ತಲುಪಿತು. ಸತ್ತವರು, ಗಾಯಗೊಂಡವರು, ಕಾಣೆಯಾದವರು ಸೇರಿ ನಷ್ಟ ಸುಮಾರು 13,000. ಬದುಕಿ ಬಂದವರಲ್ಲೂ ಮಲೇರಿಯಾ, ಆಮಶಂಕೆ ತಟ್ಟದವರು ಕಡಿಮೆ.

1943ರ ಅಕ್ಟೋಬರ್‌ನಲ್ಲಿ 14ನೇ ಸೈನ್ಯದ ಹೊಣೆ ಸಿಕ್ಕಿದಾಗ ಸ್ಲಿಮ್ ಮೊದಲು ಕೈಹಾಕಿದ್ದು ಸರಬರಾಜು, ಆರೋಗ್ಯ, ಮನೋಬಲ ಈ ಮೂರಕ್ಕೆ. ಅವರದೇ ಪುಸ್ತಕದ ಅಂಕಿಯಂತೆ 1943ರಲ್ಲಿ ಗಾಯಗೊಂಡು ಹಿಂದಕ್ಕೆ ಸಾಗಿಸಲ್ಪಟ್ಟ ಪ್ರತಿ ಒಬ್ಬನಿಗೆ 120 ಮಂದಿ ಕಾಯಿಲೆಯಿಂದ ಸಾಗಿಸಲ್ಪಡುತ್ತಿದ್ದರು. ಮಲೇರಿಯಾ ಪ್ರಮಾಣವೊಂದೇ ವರ್ಷಕ್ಕೆ ಸೈನ್ಯದ ಬಲದ ಶೇ. 84ರಷ್ಟು. ಹೀಗೇ ಬಿಟ್ಟರೆ ಶತ್ರು ಒಂದು ಗುಂಡನ್ನೂ ಹಾರಿಸದೆ ಗೆಲ್ಲುತ್ತಿದ್ದ.

ಮದ್ದು ಇತ್ತು: ಮೆಪಾಕ್ರಿನ್ ಎಂಬ ಹಳದಿ ಗುಳಿಗೆ. ನುಂಗಿದವರ ಮೈಬಣ್ಣ ಹಳದಿಯಾಗುತ್ತಿತ್ತು. ಪುರುಷತ್ವ ಹೋಗುತ್ತದೆ ಎಂಬ ಗುಸುಗುಸು ಸಿಪಾಯಿಗಳ ನಡುವೆ ಹಬ್ಬಿ ಬಹಳ ಮಂದಿ ಗುಳಿಗೆಯನ್ನು ಉಗಿಯುತ್ತಿದ್ದರು. ಸ್ಲಿಮ್ ಉಪದೇಶಕ್ಕೆ ಹೋಗಲಿಲ್ಲ. ಮುನ್ಸೂಚನೆಯಿಲ್ಲದೆ ಇಡೀ ತುಕಡಿಯ ರಕ್ತ ಪರೀಕ್ಷೆ ಮಾಡಿಸಿದರು. ಶೇ. 95ಕ್ಕಿಂತ ಕಡಿಮೆ ಜನರಲ್ಲಿ ಮದ್ದಿನ ಅಂಶ ಕಂಡರೆ ಆ ಬೆಟಾಲಿಯನ್ನಿನ ಮುಖ್ಯಸ್ಥನನ್ನೇ ಮನೆಗೆ ಕಳಿಸುವುದು ನಿಯಮ. ಮೂವರನ್ನು ಕಳಿಸಿದ್ದೇ ಸಾಕಾಯಿತು, ಉಳಿದವರಿಗೆ ವಿಷಯ ಅರ್ಥವಾಯಿತು. ಇದರ ಜೊತೆಗೆ ರೋಗಿಗಳನ್ನು ನೂರಾರು ಮೈಲಿ ಹಿಂದಕ್ಕೆ ಸಾಗಿಸುವ ಬದಲು ರಣರಂಗದ ಬೆನ್ನಿಗೇ ಮಲೇರಿಯಾ ಚಿಕಿತ್ಸಾ ಘಟಕಗಳು ಬಂದವು. 1945ರ ಹೊತ್ತಿಗೆ ಕಾಯಿಲೆಯ ಪ್ರಮಾಣ ದಿನಕ್ಕೆ ಸಾವಿರಕ್ಕೆ ಒಬ್ಬರ ಮಟ್ಟಕ್ಕೆ ಇಳಿಯಿತು.

ಸರಬರಾಜಿನ ಹೊಣೆ ಹೊತ್ತವರು ಇರಾಕಿನ ದಿನಗಳಿಂದ ಸ್ಲಿಮ್‌ಗೆ ಪರಿಚಿತರಾದ 'ಆಲ್ಫ್' ಸ್ನೆಲ್ಲಿಂಗ್. ವಿಮಾನದಿಂದ ಸಾಮಾನು ಇಳಿಸಲು ರೇಷ್ಮೆಯ ಪ್ಯಾರಾಚೂಟ್ ಸಾಕಷ್ಟು ಸಿಗದಾದಾಗ ಕಲ್ಕತ್ತೆಯ ಗಿರಣಿಗಳಲ್ಲಿ ಸೆಣಬಿನ ಪ್ಯಾರಾಚೂಟ್ ಮಾಡಿಸಿದರು. ಮನುಷ್ಯರಿಗೆ ಅದು ಆಗದು. ಅಕ್ಕಿ, ಮದ್ದುಗುಂಡಿನ ಮೂಟೆಗಳಿಗೆ ಧಾರಾಳ ಸಾಕು. ಬೆಲೆ ಮಾಮೂಲಿ ಪ್ಯಾರಾಚೂಟಿನ 20ರಲ್ಲಿ ಒಂದು ಪಾಲು. ಮಳೆಗಾಲದ ರಸ್ತೆಗೆ ಡಾಂಬರಿನಲ್ಲಿ ಅದ್ದಿದ ಗೋಣಿಪಟ್ಟಿ ಹಾಸಿದರು.

ಒಂದು ಆಕ್ಷೇಪ, ಅದರ ಪರಿಶೀಲನೆ

ಇಲ್ಲಿ ಒಂದು ನ್ಯಾಯವಾದ ಆಕ್ಷೇಪ ಏಳುತ್ತದೆ. 1916ರ ಮೆಸೊಪೊಟೇಮಿಯಾದಲ್ಲಿ ಬ್ರಿಟಿಷ್ ಭಾರತೀಯ ಸೇನೆಯ ಸರಬರಾಜು ಮತ್ತು ವೈದ್ಯಕೀಯ ವ್ಯವಸ್ಥೆ ಕುಸಿದುಬಿದ್ದಿತ್ತು. ಏಪ್ರಿಲ್ 29ರಂದು ಕುತ್ ಶರಣಾಯಿತು, ಲಂಡನ್ನಿನಲ್ಲಿ ವಿಚಾರಣಾ ಆಯೋಗವೇ ಕೂತಿತು. ಬಳಿಕ ಬಂದ ಜನರಲ್ ಮಾಡ್, ದೋಣಿ, ಆಸ್ಪತ್ರೆ, ಉಗ್ರಾಣ ಎಲ್ಲವನ್ನೂ ಸರಿಪಡಿಸಿಕೊಂಡ ಮೇಲೆಯೇ ಬಾಗ್ದಾದಿನ ಕಡೆ ಹೆಜ್ಜೆ ಹಾಕಿದರು. ಸ್ಲಿಮ್ ಆ ಸೇನೆಯಲ್ಲಿದ್ದರು. ಹಾಗಾದರೆ ಸರಬರಾಜಿನ ಪಾಠ ಮೊದಲ ಯುದ್ಧದ್ದೇ ಅಲ್ಲವೇ?

ಸ್ಲಿಮ್ ಆ ಬದಲಾವಣೆಯನ್ನು ಕಂಡಿದ್ದರು ಎಂಬುದರಲ್ಲಿ ಅನುಮಾನವಿಲ್ಲ. ಆದರೆ ಕಂಡದ್ದು ನಡವಳಿಕೆಯಾಗಿ ಮಾರ್ಪಟ್ಟದ್ದು ಯಾವಾಗ ಎಂಬುದು ಪ್ರಶ್ನೆ. ಗಲ್ಲಾಬತ್‌ನ ಯೋಜನೆಯಲ್ಲಿ ಟ್ಯಾಂಕುಗಳ ಮೇಲೆ ಇಟ್ಟ ಭರವಸೆ, ಅವು ಕೆಟ್ಟರೆ ಏನು ಗತಿ ಎಂಬ ಲೆಕ್ಕಕ್ಕಿಂತ ದೊಡ್ಡದಾಗಿತ್ತು. ದೇರ್ ಎಜ್ ಜೋರ್‌ನಲ್ಲೂ ಪೆಟ್ರೋಲು ಕೊನೆಯ ಹನಿಗೆ ಬಂದಿತ್ತು. ಗೆದ್ದದ್ದು ದಿಟ್ಟತನದಿಂದ, ಮುಂಜಾಗ್ರತೆಯಿಂದಲ್ಲ. 1943ರ ನಂತರದ ಸ್ಲಿಮ್ ಅವರ ಕ್ರಮವೇ ಬೇರೆ. ಮೊದಲು ಟನ್ನುಗಳ ಲೆಕ್ಕ, ಆಮೇಲೆ ಸಾಹಸ. ಈ ತಿರುವಿನ ಮೊದಲು ನಿಂತಿರುವ ದೊಡ್ಡ ಘಟನೆ 1942ರ ಹಿಮ್ಮೆಟ್ಟುವಿಕೆ. ಮೆಸೊಪೊಟೇಮಿಯಾ ಬೀಜ ಬಿತ್ತಿರಬಹುದು, ಬೆಳೆ ಬಂದದ್ದು ಬರ್ಮಾದ ಹಾದಿಯಲ್ಲಿ.

ಇಂಫಾಲ ಮತ್ತು ಕೊಹಿಮಾ, 1944

1944ರ ಮಾರ್ಚ್‌ನಲ್ಲಿ ಜಪಾನಿನ 15ನೇ ಸೈನ್ಯ ಮುತಾಗುಚಿ ಅವರ ನೇತೃತ್ವದಲ್ಲಿ ಇಂಫಾಲದತ್ತ ನುಗ್ಗಿತು. ಸ್ಲಿಮ್ ಮುಂದೆ ಹೋಗಿ ಎದುರಿಸಲಿಲ್ಲ. ಇಂಫಾಲದ ಬಯಲಿಗೆ ತಮ್ಮ ಡಿವಿಷನ್ನುಗಳನ್ನು ಹಿಂದೆಗೆದು ಶತ್ರುವನ್ನು ಒಳಕ್ಕೆ ಬರಗೊಟ್ಟರು. ದಿಟ್ಟ ದಾರಿಯ ಸೂತ್ರಕ್ಕೆ ಇದು ವಿರುದ್ಧವಲ್ಲವೇ ಎಂದು ಕೇಳಬಹುದು. ಉತ್ತರ ಸರಬರಾಜಿನಲ್ಲಿದೆ. ಬಯಲಿನಲ್ಲಿ ತಮ್ಮ ಉಗ್ರಾಣ, ವಿಮಾನ ನಿಲ್ದಾಣ ಕೈಯಳತೆಯಲ್ಲಿದ್ದವು. ಕೆಲವೇ ವಾರಗಳ ಬುತ್ತಿ ಕಟ್ಟಿಕೊಂಡು ಬೆಟ್ಟ ಹತ್ತಿಬಂದ ಜಪಾನೀಯರಿಗೆ ಹಿಂದೆ ಚಿಂದ್ವಿನ್ ನದಿ, ಮುಂದೆ ಮಳೆಗಾಲ.

ಎರಡು ತಪ್ಪುಗಳಾದವು, ಎರಡನ್ನೂ ಸ್ಲಿಮ್ ದಾಖಲಿಸಿದ್ದಾರೆ. ಮುಂಚೂಣಿಯಲ್ಲಿದ್ದ 17ನೇ ಡಿವಿಷನ್ನಿಗೆ ಹಿಂದೆ ಸರಿಯುವ ಆದೇಶ ತಡವಾಯಿತು. ಕೊಹಿಮಾದ ಮೇಲೆ ಹೆಚ್ಚೆಂದರೆ ಒಂದು ರೆಜಿಮೆಂಟ್ ಬರಬಹುದೆಂದು ಅಂದಾಜಿಸಿದ್ದರು. ಬಂದದ್ದು ಇಡೀ 31ನೇ ಡಿವಿಷನ್. ಅನಾಹುತ ತಪ್ಪಿದ್ದಕ್ಕೆ ಒಂದು ಕಾರಣ ಸಾಂಗ್ಶಾಕ್ ಎಂಬ ನಾಗಾ ಹಳ್ಳಿ. ಅಲ್ಲಿ ಭಾರತೀಯ ಪ್ಯಾರಾಚೂಟ್ ಬ್ರಿಗೇಡಿನ ಜೊತೆ ನಿಂತು ಮಾರ್ಚ್ ಕೊನೆಯ ವಾರ ಜಪಾನೀಯರನ್ನು ತಡೆದವರಲ್ಲಿ ಬೆಳಗಾವಿ ಕೇಂದ್ರದ ಮರಾಠಾ ಪದಾತಿ ಪಡೆಯ 4ನೇ ಬೆಟಾಲಿಯನ್ ಇತ್ತು. ಇನ್ನೊಂದು ಕಾರಣ ವಿಮಾನ. ಅರಕಾನ್‌ನಲ್ಲಿ ಕಾದಾಡುತ್ತಿದ್ದ 5ನೇ ಭಾರತೀಯ ಡಿವಿಷನ್ನನ್ನು ಹೇಸರಗತ್ತೆ, ಫಿರಂಗಿಗಳ ಸಮೇತ ಎತ್ತಿ ತಂದು ಇಂಫಾಲದಲ್ಲಿ ಇಳಿಸಲಾಯಿತು. ಜೂನ್ 22ರಂದು ಕೊಹಿಮಾ–ಇಂಫಾಲ ರಸ್ತೆ ಮತ್ತೆ ತೆರೆಯಿತು. ಸುಮಾರು 85,000 ಜಪಾನೀ ಸೈನಿಕರಲ್ಲಿ 50,000ಕ್ಕೂ ಹೆಚ್ಚು ಮಂದಿ ಸತ್ತರು, ಗಾಯಗೊಂಡರು ಅಥವಾ ಕಾಯಿಲೆ ಬಿದ್ದರು.

ಮೇಕ್ತಿಲಾ, 1945

1944ರ ಡಿಸೆಂಬರ್‌ನಲ್ಲಿ ಸ್ಲಿಮ್ ಅವರ ಯೋಜನೆ, ಐರಾವತಿ ನದಿಯ ಪಶ್ಚಿಮಕ್ಕಿರುವ ಶ್ವೇಬೋ ಬಯಲಿನಲ್ಲಿ ಜಪಾನೀಯರನ್ನು ಮುರಿಯುವುದಾಗಿತ್ತು. ಜನರಲ್ ಕಿಮುರಾ ಆ ಬಲೆಗೆ ಬೀಳದೆ ನದಿಯ ಹಿಂದಕ್ಕೆ ಸರಿದರು. ಡಿಸೆಂಬರ್ 10ರಂದು 75 ಅಮೆರಿಕನ್ ಡಕೋಟಾ ವಿಮಾನಗಳು ಇದ್ದಕ್ಕಿದ್ದಂತೆ ಚೀನಾಕ್ಕೆ ಹೊರಟುಹೋದವು. ಸೈನ್ಯದ ಸರಬರಾಜು ನಿಂತಿದ್ದದ್ದೇ ವಿಮಾನಗಳ ಮೇಲೆ. ಎದುರಿಗೆ ಅಗಲವಾದ ನದಿ, ಕೈಯಲ್ಲಿ ಕಡಿಮೆಯಾದ ವಿಮಾನ. ಗಲ್ಲಾಬತ್‌ನ ಆಯ್ಕೆ ದೊಡ್ಡ ಅಳತೆಯಲ್ಲಿ ಮತ್ತೆ ಎದುರಾಗಿತ್ತು: ಇರುವಲ್ಲೇ ನಿಂತು ಎಚ್ಚರದಿಂದ ಮುಂದುವರಿಯುವುದು, ಇಲ್ಲವೇ ಯೋಜನೆಯನ್ನೇ ಬದಲಿಸಿ ದೊಡ್ಡ ಪಣ ಒಡ್ಡುವುದು.

ಸ್ಲಿಮ್ ಪಣ ಒಡ್ಡಿದರು. ಉತ್ತರದಲ್ಲಿ 33ನೇ ಕೋರ್ ಮಂಡಾಲೆಯ ಮೇಲೆ ಕಣ್ಣಿಟ್ಟಂತೆ ತೋರಿಸಿ ನದಿ ದಾಟಿತು. ಅದೇ ಹೊತ್ತಿಗೆ ಮೆಸರ್ವಿ ಅವರ 4ನೇ ಕೋರ್ ದಕ್ಷಿಣಕ್ಕೆ ಗಂಗಾವ್ ಕಣಿವೆಯಲ್ಲಿ ಗುಟ್ಟಾಗಿ ಇಳಿಯಿತು. ಹಳೆಯ ಜಾಗದಲ್ಲಿ ಒಂದು ಸುಳ್ಳು ಕೋರ್ ಕಚೇರಿ ಉಳಿದು, ಏನೂ ಬದಲಾಗಿಲ್ಲವೆಂಬಂತೆ ರೇಡಿಯೊ ಸಂದೇಶ ಕಳಿಸುತ್ತಲೇ ಇತ್ತು. ಫೆಬ್ರವರಿ 14ರಂದು 7ನೇ ಡಿವಿಷನ್ ನ್ಯಾಂಗೂ ಬಳಿ ನದಿ ದಾಟಿತು; ಆ ದಾರಿಯಾಗಿ ಕೋವನ್ ಅವರ 17ನೇ ಡಿವಿಷನ್ ಮತ್ತು ಟ್ಯಾಂಕುಗಳು ನುಗ್ಗಿ ಮಾರ್ಚ್ 3ರಂದು ಮೇಕ್ತಿಲಾವನ್ನು ಹಿಡಿದವು. ಅದು ಜಪಾನೀಯರ ರೈಲು, ರಸ್ತೆ, ಉಗ್ರಾಣಗಳ ಗಂಟುಸ್ಥಳ. ಲೋಕಮಾನ್ಯ ಟಿಳಕರ ಸೆರೆವಾಸದಿಂದ ಕನ್ನಡಿಗರಿಗೆ ಪರಿಚಿತವಾದ ಮಂಡಾಲೆ ಮಾರ್ಚ್ 20ರಂದು 19ನೇ ಭಾರತೀಯ ಡಿವಿಷನ್ನಿಗೆ ಸಿಕ್ಕಿತು. ಮೇ 3ರಂದು ರಂಗೂನ್ ಕೂಡ ಕೈಸೇರಿತು.

1942ರಲ್ಲಿ ಸೋತು ಬಂದ 17ನೇ ಡಿವಿಷನ್ನೇ, ಅದೇ ಕೋವನ್ ಅವರ ಕೈಕೆಳಗೆ, ಮೇಕ್ತಿಲಾವನ್ನು ಗೆದ್ದದ್ದು ಆಕಸ್ಮಿಕವಲ್ಲ. ಸೋತ ಅಧಿಕಾರಿಯನ್ನು ಬದಲಿಸುವುದು ಸೇನೆಗಳ ರೂಢಿ. ಸ್ಲಿಮ್ ತಮ್ಮವರಿಗೆ ಸೋಲಿನಿಂದ ಕಲಿಯಲು ಸಮಯ ಕೊಟ್ಟರು. ತಮ್ಮ ಮೇಲಧಿಕಾರಿಗಳಿಂದ ಅವರಿಗೆ ಆ ಉದಾರತೆ ಸಿಗಲಿಲ್ಲ. 1943ರಲ್ಲಿ ಅರಕಾನ್ ಸೋಲಿನ ಹೊಣೆಯನ್ನು ಜನರಲ್ ಇರ್ವಿನ್ ಸ್ಲಿಮ್ ಮೇಲೆ ಹೊರಿಸಲು ನೋಡಿದರು. ರಂಗೂನ್ ಗೆದ್ದ ಮೇಲೂ ಜನರಲ್ ಲೀಸ್ ಅವರನ್ನು ಸರಿಸಲು ನೋಡಿದರು. ಎರಡು ಸಲವೂ ಹುದ್ದೆ ಬಿಟ್ಟವರು ಸ್ಲಿಮ್ ಅಲ್ಲ, ಆ ಮೇಲಧಿಕಾರಿಗಳೇ. 1948ರಲ್ಲಿ ಅವರು ಬ್ರಿಟಿಷ್ ಸೇನೆಯ ಮುಖ್ಯಸ್ಥರಾದರು. ಭಾರತೀಯ ಸೇನೆಯಿಂದ ಆ ಹುದ್ದೆಗೇರಿದ ಮೊದಲಿಗರು ಅವರು.

ಅವರ ಪುಸ್ತಕ ಹೇಳದ ಬದಿ

ಭಾರತೀಯ ಓದುಗ 'ಡಿಫೀಟ್ ಇಂಟು ವಿಕ್ಟರಿ'ಯನ್ನು ಓದುವಾಗ ಕೆಲವು ಸಂಗತಿಗಳನ್ನು ಪಕ್ಕದಲ್ಲಿಟ್ಟುಕೊಳ್ಳಬೇಕು. 1942ರ ಆಗಸ್ಟ್ ಚಳವಳಿಯ ಕಾಲದಲ್ಲಿ ಬಂಗಾಳ, ಬಿಹಾರಗಳಲ್ಲಿ ಆಂತರಿಕ ಭದ್ರತೆಯ ಕೆಲಸ ಸ್ಲಿಮ್ ಅವರ 15ನೇ ಕೋರ್‌ನ ಪಾಲಿಗೂ ಬಂದಿತ್ತು. 14ನೇ ಸೈನ್ಯ ರೂಪುಗೊಂಡ ತಿಂಗಳುಗಳಲ್ಲೇ ಅದರ ಬೆನ್ನಿಗಿದ್ದ ಬಂಗಾಳದಲ್ಲಿ ಜನ ಹಸಿವಿನಿಂದ ಸಾಯುತ್ತಿದ್ದರು. ಇಂಫಾಲದಲ್ಲಿ ಎದುರು ಸಾಲಿನಲ್ಲಿ ಸುಭಾಷ್‌ಚಂದ್ರ ಬೋಸರ ಆಜಾದ್ ಹಿಂದ್ ಫೌಜಿನ ಭಾರತೀಯರಿದ್ದರು. ಅವರಿಗೆ ಪುಸ್ತಕದಲ್ಲಿ ಸಿಗುವ ಜಾಗ ಕಡಿಮೆ, ಗೌರವ ಇನ್ನೂ ಕಡಿಮೆ. ಸಿಪಾಯಿಯ ಶೌರ್ಯವನ್ನು ಮನಸಾರೆ ಹೊಗಳುವ ಸ್ಲಿಮ್, ಆ ಸಿಪಾಯಿ ಯಾರ ಸಾಮ್ರಾಜ್ಯಕ್ಕಾಗಿ ಹೋರಾಡುತ್ತಿದ್ದ ಎಂಬ ಪ್ರಶ್ನೆಯ ಬಳಿ ನಿಲ್ಲುವುದಿಲ್ಲ. ಒಪ್ಪಿಕೊಂಡ ತಪ್ಪುಗಳೆಲ್ಲ ರಣತಂತ್ರದವು ಎಂಬುದನ್ನು ಇಲ್ಲಿ ಗಮನಿಸಬೇಕು.

ಭಾರತೀಯ ಅಧಿಕಾರಿಗಳ ಏಳಿಗೆಯೂ ಅದೇ ರಂಗದ ಕಥೆ. 1945ರ ಜನವರಿಯಲ್ಲಿ ಅರಕಾನ್‌ನ ಕಾಂಗಾವ್‌ನಲ್ಲಿ ಕೊಡಗಿನ ಕೆ.ಎಸ್. ತಿಮ್ಮಯ್ಯ, ಎಸ್.ಪಿ.ಪಿ. ಥೋರಟ್, ಎಲ್.ಪಿ. ಸೆನ್ ಒಂದೇ ಬ್ರಿಗೇಡಿನ ಮೂರು ಬೆಟಾಲಿಯನ್ನುಗಳನ್ನು ನಡೆಸಿದರು. ಮೂವರಿಗೂ ಡಿಎಸ್‌ಒ ಪದಕ ಬಂತು. ಭಾರತೀಯರು ಬೆಟಾಲಿಯನ್ ನಡೆಸಬಲ್ಲರೇ ಎಂದು ದಶಕಗಳ ಕಾಲ ಅನುಮಾನಿಸಿದ ಸೇನೆಗೆ ಉತ್ತರ ಸಿಕ್ಕಿದ್ದು ಆ ದಿಣ್ಣೆಯ ಮೇಲೆ.

ತೀರ್ಮಾನ

ಸ್ಲಿಮ್ ಅವರ ಸೇನಾಜೀವನವನ್ನು ಒಂದು ಯುದ್ಧದ ಪಾಠ ಇನ್ನೊಂದರಲ್ಲಿ ಫಲಿಸಿದ ಕಥೆಯಾಗಿ ಓದಲು ಆಧಾರ ಸಾಲದು. 1914–18 ಅವರಿಗೆ ಸೇನೆಯ ಬಾಗಿಲು ತೆರೆಯಿತು, ಗೂರ್ಖಾಗಳನ್ನು ತೋರಿಸಿತು, ಗೆಳೆಯರನ್ನು ದೊರಕಿಸಿತು. ದಂಡನಾಯಕನಾಗಿ ಅವರು ರೂಪುಗೊಂಡದ್ದು 1940ರಿಂದ 1942ರ ನಡುವೆ, 50ರ ಆಸುಪಾಸಿನಲ್ಲಿ. ದಿಟ್ಟ ದಾರಿಯ ಆಯ್ಕೆ ಗಲ್ಲಾಬತ್‌ನದು, ಸರಬರಾಜಿನ ಲೆಕ್ಕ ಬರ್ಮಾದ ಹಿಮ್ಮೆಟ್ಟುವಿಕೆಯದು. ಮೇಕ್ತಿಲಾದಲ್ಲಿ ಎರಡೂ ಕೂಡಿದವು. ಬರ್ಮಾ ಯುದ್ಧವನ್ನು ಅಭ್ಯಾಸ ಮಾಡುವವರು 'ಡಿಫೀಟ್ ಇಂಟು ವಿಕ್ಟರಿ'ಗೆ ಮೊದಲು 'ಅನ್‌ಅಫಿಷಿಯಲ್ ಹಿಸ್ಟರಿ'ಯ ಗಲ್ಲಾಬತ್ ಅಧ್ಯಾಯವನ್ನು ಓದುವುದು ಒಳ್ಳೆಯದು.